ನಾನು ಆರಿಸಿದ ಶಾಲೆಗೆ ಹೋದವರು

ಮಾವನ ಮುಖಕ್ಕೆ ಎರಡು ಬಣ್ಣ. ಹಣೆ, ಕೆನ್ನೆ, ಗದ್ದ ಎಲ್ಲ ನರಗುಂದದ ಎರೆಮಣ್ಣಿನ ಹಾಗೆ ಕಪ್ಪು. ಕಣ್ಣುಗಳ ಸುತ್ತ ಮಾತ್ರ ದುಂಡಗೆ ಬಿಳಿಚಿಕೊಂಡ ತೊಗಲು. ಮೇಲೆ ಮುಚ್ಚಳವಿಲ್ಲದ ಸಣ್ಣ ವಿಮಾನದಲ್ಲಿ, ಕಣ್ಣಿಗೆ ದಪ್ಪ ಕನ್ನಡಕ ಬಿಗಿದುಕೊಂಡು, ವರ್ಷಗಟ್ಟಲೆ ಬಿಸಿಲು ಗಾಳಿಗೆ ಮುಖ ಒಡ್ಡಿದ್ದರ ಗುರುತು ಅದು. ರಜೆಗೆ ಊರಿಗೆ ಬಂದಾಗ ನರಗುಂದದ ಪೇಟೆಯಲ್ಲಿ ಹತ್ತಿಯ ದಲಾಲರು ಮಾತು ನಿಲ್ಲಿಸಿ ಆ ಮುಖ ನೋಡುತ್ತಿದ್ದರು. ಒಬ್ಬರು ಒಮ್ಮೆ ತಡೆಯಲಾರದೆ, "ಮಾರಿಗೆ ಏನರ ಬ್ಯಾನಿ ಆಗೇತೇನ್ರಿ?" ಎಂದು ಕೇಳಿದ್ದರು. ಮಾವ ನಗದೆ, "ಹೌದ್ರಿ, ಹಾರೂ ಬ್ಯಾನಿ" ಎಂದು ಹೇಳಿ ಮುಂದೆ ನಡೆದಿದ್ದರು.

ಅವರು ನನ್ನ ತಾಯಿಯ ಬೆನ್ನಿಗೆ ಹುಟ್ಟಿದ ತಮ್ಮ. ಮನೆತನ ಒಕ್ಕಲುತನದ್ದು, ಜೋಳ, ಹತ್ತಿ, ಕಡಲೆ ಬಿಟ್ಟು ಬೇರೆ ಮಾತು ಆ ಮನೆಯಲ್ಲಿ ಇರಲಿಲ್ಲ. ಯುದ್ಧದ ಕಾಲದಲ್ಲಿ ಯಾರಿಗೂ ಹೇಳದೆ ಹೋಗಿ ವಾಯುದಳ ಸೇರಿದರು. ಯುದ್ಧ ಮುಗಿದ ಮೇಲೆ ಮುಂಬೈ ಕಡೆಯ ಒಂದು ಹಾರಾಟದ ಕ್ಲಬ್ಬಿನಲ್ಲಿ ಸಹಾಯಕ ಶಿಕ್ಷಕರಾದರು. ಮದುವೆ ಮಾಡಿಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ನರಗುಂದಕ್ಕೆ ಬಂದರೆ ನಾಲ್ಕು ದಿನ ತಾಯಿಯ ಹತ್ತಿರ ಇದ್ದು, ಉಳಿದ ದಿನ ಗಜೇಂದ್ರಗಡಕ್ಕೆ ಅಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ ಬರುತ್ತಿದ್ದರು. ನಮ್ಮ ತಂದೆಯವರದು ಕೈಮಗ್ಗದ ಸೀರೆಯ ಅಂಗಡಿ. ನಾನು ಒಬ್ಬನೇ ಮಗ. ಅಂಗಡಿಯ ಗಾದಿಯ ಮೇಲೆ ನನ್ನ ಜಾಗ ನಾನು ಹುಟ್ಟಿದ ದಿನವೇ ನಿಶ್ಚಯವಾಗಿತ್ತು. ಅಲ್ಲಿಂದ ನನ್ನನ್ನು ಎಬ್ಬಿಸಿಕೊಂಡು ಹೋದವರು ಮಾವ.

ಅವರಿಗೊಂದು ಚಟ ಇತ್ತು. ಎಲ್ಲಿ ಕುಳಿತಿರಲಿ, ಎಲ್ಲಿ ನಡೆದಿರಲಿ, ಒಮ್ಮೆಲೇ ನನ್ನ ಕಡೆ ತಿರುಗಿ, "ಎಂಜಿನ್ ಬಂದ್ ಬಿತ್ತು. ಎಲ್ಲಿ ಇಳಸ್ತಿ?" ಎಂದು ಕೇಳುವುದು. ಗಜೇಂದ್ರಗಡದ ಗುಡ್ಡದ ಮೇಲೆ ನಿಂತಾಗ ಕೆಳಗಿನ ಹೊಲಗಳನ್ನೆಲ್ಲ ನೋಡಿ ನಾನು ಉತ್ತರ ಹೇಳಬೇಕು. ಹಸಿ ಎರೆಹೊಲ ಎಂದರೆ ಗಾಲಿ ಹೂತು ವಿಮಾನ ಮೂತಿ ಕುಕ್ಕುತ್ತದೆ; ಎದೆಮಟ್ಟದ ಜೋಳ ಎಂದರೆ ದಂಟು ರೆಕ್ಕೆಗೆ ತೊಡರುತ್ತದೆ; ಕಡಲೆ ಕಿತ್ತ ಹೊಲ, ಅದೂ ಸಾಲುಗಳು ಗಾಳಿಯ ಕಡೆಗೆ ಇದ್ದರೆ ಸರಿ. ಒಮ್ಮೆ ನರೇಗಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಹೀಗೇ ಕೇಳಿದರು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಮುದುಕಿ ಗಾಬರಿಯಿಂದ ಗಂಟು ಎತ್ತಿಕೊಂಡು ಎದ್ದು ನಿಂತಳು. "ಬಂದ್ ಬಿತ್ತೇನೋ ಯಪ್ಪಾ? ನಾನೂ ಇಲ್ಲೇ ಇಳೀಲೇನು?" ಮಾವ ಆಕೆಯ ಗಂಟು ಹಿಡಿದು ಕೂಡಿಸಿ, "ನೀ ಕೂಡ್ರಬೇ ಯವ್ವಾ, ನಿನ್ನ ಬಸ್ಸು ಗಟ್ಟಿ ಐತಿ" ಎಂದರು. ಆ ಬಸ್ಸಿನ ತುಂಬ ನಗು. ಅಂಥ ಮನುಷ್ಯನ ಹಿಂದೆ ಹೋಗದೆ ಗಾದಿಯ ಮೇಲೆ ಕೂಡುವುದು ನನ್ನಿಂದ ಆಗುವಂತಿರಲಿಲ್ಲ.

ತಂದೆ ಒಪ್ಪಲಿಲ್ಲ. ತಾಯಿ ಒಪ್ಪಿಸಿದಳು. "ಅಂಗಡಿ ಎಲ್ಲಿಗೂ ಓಡಿ ಹೋಗೂದಿಲ್ಲ. ಅವ ಹೋಗಿ ಕಲೀಲಿ. ನನ್ನ ತಮ್ಮ ಅದಾನಲ್ಲ ಅಲ್ಲಿ" ಎಂದು ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿದೆ.

ಕ್ಲಬ್ಬಿನಲ್ಲಿ ನನಗೆ ಹಾರುವುದನ್ನು ಕಲಿಸಿದವರು ಅವರೇ. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಯ ಹಳೆಯ ವಿಮಾನ. ಮುಂದಿನ ಸೀಟಿನಲ್ಲಿ ಶಿಕ್ಷಕ, ಹಿಂದೆ ವಿದ್ಯಾರ್ಥಿ. ಇಬ್ಬರ ನಡುವೆ ಮಾತಿಗೆ ಒಂದು ರಬ್ಬರಿನ ಕೊಳವೆ. ಉಳಿದವರಿಗೆ ಇಂಗ್ಲಿಷಿನಲ್ಲಿ ಕಲಿಸುತ್ತಿದ್ದವರು ನನಗೆ ಮಾತ್ರ ಆ ಕೊಳವೆಯಲ್ಲಿ ನರಗುಂದದ ಮಾತಿನಲ್ಲಿ ಹೇಳುತ್ತಿದ್ದರು: "ಕಣ್ಣು ದೂರ ಇರ್ಲಿ, ಕೈ ಹಗೂರ ಇರ್ಲಿ. ಅದನ್ನ ಹಿಚಕಬ್ಯಾಡ, ಅದಕ್ಕ ಹಾರಾಕ ಬರತೈತಿ." ನಾನು ಮೊದಲ ಸಲ ಒಬ್ಬನೇ ಹಾರಿದ ದಿನ ಅವರು ಸೀಟಿನಿಂದ ಇಳಿದು, ಖಾಲಿ ಸೀಟಿನ ಪಟ್ಟಿಗಳನ್ನು ಬಿಗಿದು ಕಟ್ಟಿ, ನನ್ನ ಹತ್ತಿರ ಬಂದು ನಿಂತರು. "ನಾ ಇಳದ ಮ್ಯಾಲ ಇದು ಹಗೂರ ಆಗತೈತಿ. ದಿನಾ ಏರೂದಕ್ಕಿಂತ ಲಗೂ ಏರತೈತಿ. ಅಂಜಬ್ಯಾಡ." ಒಂದು ಸುತ್ತು ಹೊಡೆದು ನಾನು ಇಳಿದು ಬಂದಾಗ ಅವರು ಮೈದಾನದ ಅಂಚಿನಲ್ಲಿ ನಿಂತ ಜಾಗದಿಂದ ಅಲುಗಿರಲಿಲ್ಲ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಷ್ಟು ಬೆವರು ನನಗೂ ಬಂದಿರಲಿಲ್ಲ.

ಮುಂದೆ ನಡೆದದ್ದನ್ನು ಬರೆಯುವಾಗಲೂ ಆ ಒದ್ದೆ ಅಂಗಿಯನ್ನು ನಾನು ಸುಳ್ಳು ಎನ್ನಲಾರೆ. ನನಗೆ ಆದ ಕಷ್ಟವೂ ಅದೇ.

ವೃತ್ತಿಯಾಗಿ ಹಾರುವ ಪರವಾನಗಿ ನನಗೆ ಸಿಕ್ಕ ಮೇಲೆ, ನಮ್ಮ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲಿ ಇದ್ದ ಕೊನೆಯ ಬೇಸಗೆಯಲ್ಲಿ, ಕ್ಲಬ್ಬಿನ ಆಡಳಿತ ಸಮಿತಿ ಒಂದು ನಿರ್ಧಾರ ಮಾಡಿತು. ಹಾರುವುದನ್ನು ಕಲಿಸುವ ಶಿಕ್ಷಕರ ತರಬೇತಿಗಾಗಿ ಒಬ್ಬರನ್ನು ಕ್ಲಬ್ಬಿನ ವತಿಯಿಂದ ಇಂಗ್ಲೆಂಡಿಗೆ ಕಳಿಸುವುದು. ಹೋಗಬೇಕೆನ್ನುವವರು ಯಾವ ಶಾಲೆ, ಯಾಕೆ ಆ ಶಾಲೆ ಎಂಬುದನ್ನು ಸಮಿತಿಯ ಮುಂದೆ ಹೇಳಬೇಕು. ನಾನು ಸಹಜವಾಗಿ ಮಾವನ ಮುಖ ನೋಡಿದೆ. ಅವರಿಗೂ ಸಹಾಯಕ ಎನ್ನುವ ಪದ ಬಿಟ್ಟು ಮೇಲೇರಲು ಬೇಕಾಗಿದ್ದದ್ದು ಅದೇ ತರಬೇತಿ.

"ನೀ ಹೋಗು" ಎಂದರು ಅವರು, ನಾನು ಕೇಳುವ ಮೊದಲೇ. "ನನ್ನ ವಯಸ್ಸಿನ್ಯಾಗ ಇನ್ನ ಅಲ್ಲಿ ಹೋಗಿ ಬೆಂಚಿನ ಮ್ಯಾಲ ಕುಂಡ್ರೂದು ಚಂದ ಕಾಣೂದಿಲ್ಲ. ನೀ ಕಲ್ತು ಬಾ. ಇಬ್ರೂ ಕೂಡಿ ಕಲಸೂಣು."

ಆ ರಜೆಯಲ್ಲಿ ನಾವಿಬ್ಬರೂ ಊರಿಗೆ ಬಂದೆವು. ನರಗುಂದದ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ಇಂಗ್ಲೆಂಡಿನ ಶಾಲೆಗಳಿಂದ ತರಿಸಿಕೊಂಡ ಮಾಹಿತಿಯ ಪುಸ್ತಿಕೆಗಳನ್ನು ಹರಡಿಕೊಂಡು ಕೂಡುತ್ತಿದ್ದೆವು. ಗಾಳಿಗೆ ಹಾರದಂತೆ ಅಜ್ಜಿಯ ಅಡಕೊತ್ತು, ತಂಬಿಗೆ, ಕುಟ್ಟುವ ಕಲ್ಲು ಎಲ್ಲ ಅವುಗಳ ಮೇಲೆ. ಬಹಳ ಸೋಸಿ ಮೂರು ಶಾಲೆ ಉಳಿಸಿಕೊಂಡೆವು. ಒಂದು ಲಂಡನ್ನಿನ ಮಗ್ಗುಲಲ್ಲಿದ್ದ ದೊಡ್ಡ ಹೆಸರಿನ ಶಾಲೆ. ಒಂದು ದಕ್ಷಿಣದ ಸಮುದ್ರದಂಡೆಯದು. ಮೂರನೆಯದು ಪೂರ್ವದ ಬಯಲು ಸೀಮೆಯ ಸಣ್ಣ ಶಾಲೆ. ಡಾಂಬರು ಕೂಡ ಇಲ್ಲದ ಹುಲ್ಲಿನ ಮೈದಾನ, ಇಬ್ಬರೇ ಹಿರಿಯ ಶಿಕ್ಷಕರು.

ಮಾವನ ಒಲವು ದೊಡ್ಡ ಹೆಸರಿನ ಕಡೆಗೆ. "ಆ ಸಾಲಿ ಹೆಸರು ಹೇಳಿದ್ರ ಇಲ್ಲಿ ಎದ್ದು ನಿಂದರತಾರ" ಎನ್ನುತ್ತಿದ್ದರು. ನಾನು ಸಣ್ಣ ಶಾಲೆಗೆ ಗಂಟುಬಿದ್ದೆ. ದೊಡ್ಡ ಶಾಲೆಯಲ್ಲಿ ತರಬೇತಿಗೆ ಬಂದವರು ಒಬ್ಬರಿಗೊಬ್ಬರು ಕಲಿಸಿದ ಹಾಗೆ ಮಾಡುತ್ತಾರೆ; ಈ ಸಣ್ಣ ಶಾಲೆಯಲ್ಲಾದರೆ ಏನೂ ಬಾರದ ಹೊಸಬರನ್ನೇ ಹಿಂದೆ ಕೂಡಿಸಿಕೊಟ್ಟು, ಹಿರಿಯರು ನಿಂತು ನೋಡುತ್ತಾರೆ. ಕಲಿಸುವುದು ಅಲ್ಲಿ ಗೊತ್ತಾಗುತ್ತದೆ. ಮತ್ತೆ, ಬೇಸಗೆಯ ತಂಡಕ್ಕೆ ಹೋಗದೆ ಚಳಿಗಾಲದ ತಂಡಕ್ಕೇ ಹೋಗಬೇಕು ಎಂಬುದು ನನ್ನ ಹಟ. ರೋಣ, ನರಗುಂದದ ಬಯಲಲ್ಲಿ ಹುಟ್ಟಿದ ನಮಗೆ ಹತ್ತು ಮೈಲಿ ಆಚೆಯ ಊರು ಕಾಣುವ ಆಕಾಶವೇ ರೂಢಿ. ಮಂಜು, ಕೆಳಗಿಳಿದ ಮೋಡ, ಇವುಗಳಲ್ಲಿ ಸಿಕ್ಕ ವಿದ್ಯಾರ್ಥಿ ಹೇಗೆ ಹೆದರುತ್ತಾನೆ ಎನ್ನುವುದನ್ನು ನಾವೂ ಹೆದರಿ ತಿಳಿಯಬೇಕು.

"ನಾವು ಹಾರೂದನ್ನ ಕಲಿಯಾಕ ಹೊಂಟಿಲ್ಲ ಮಾವಾ. ಕಲಸೂದನ್ನ ಕಲಿಯಾಕ ಹೊಂಟೇವಿ" ಎಂದೆ.

ಅವರು ಬಹಳ ಹೊತ್ತು ಆ ಹುಲ್ಲಿನ ಮೈದಾನದ ಚಿತ್ರ ನೋಡಿದರು. ಆಮೇಲೆ, "ನಾವು ಅನಬ್ಯಾಡ, ನಾನು ಅನ್ನು. ಹೋಗಾವ ನೀ" ಎಂದರು. ಚರ್ಚೆಯಲ್ಲಿ ಅವರನ್ನು ನಾನು ಗೆದ್ದದ್ದು ಅದೊಂದೇ ಸಲ.

ಸಮಿತಿಯ ಸಭೆಯ ದಿನವೇ ನನ್ನ ತಂಗಿಯ ಮದುವೆ ಬಂತು. ನಾನು ಚಡಪಡಿಸಿದೆ. ಮಾವ ನನ್ನ ಹೆಗಲ ಮೇಲೆ ಕೈ ಇಟ್ಟು, "ಒಬ್ಬಾಕಿ ತಂಗಿ, ನೀ ಇರಬೇಕು. ಸಮಿತಿ ಮುಂದ ನಾ ಮಾತಾಡ್ತೀನಿ. ನಿನ್ನಕಿಂತ ಚಲೋತ್ನ್ಯಾಗಿ ಹೇಳ್ತೀನಿ" ಎಂದು, ತಮ್ಮ ಸೋದರಸೊಸೆಯ ಅಕ್ಷತೆಯನ್ನೂ ಬಿಟ್ಟು ರೈಲು ಹತ್ತಿದರು. ಮದುವೆಯ ಮನೆಯಲ್ಲಿ ತಾಯಿ ಬಂದವರಿಗೆಲ್ಲ ಹೇಳಿದಳು: ನನ್ನ ತಮ್ಮ ನನ್ನ ಮಗನ ಸಲುವಾಗಿ ಮದುವೆ ಬಿಟ್ಟು ಹೋಗ್ಯಾನ.

ಮದುವೆ ಮುಗಿದು ಒಂದು ವಾರವಾದರೂ ಮಾವನಿಂದ ಸುದ್ದಿ ಇಲ್ಲ. ನನಗೆ ಸಂಶಯವೇ ಬರಲಿಲ್ಲ. ಪಾಸ್‌ಪೋರ್ಟಿನ ತಯಾರಿಗೆಂದು ನಮ್ಮ ತಾಲೂಕಿನ ಊರಾದ ರೋಣದ ಮಾಮಲೇದಾರ ಕಚೇರಿಗೆ ಹೋದೆ. ಅಲ್ಲಿಯ ಕಾರಕೂನರು ಕನ್ನಡಕ ಏರಿಸಿ, "ವಿಲಾಯಿತಿಗೆ ಹೋಗಿ ಏನ್ ಕಲೀತೀರಿ?" ಎಂದು ಕೇಳಿದರು. "ವಿಮಾನ ಹಾರಸೂದನ್ನ ಕಲಸೂದನ್ನ ಕಲೀತೀನ್ರಿ" ಎಂದೆ. ಅವರು ಪಕ್ಕದವರಿಗೆ, "ಇವ್ರು ಕಲಸೂದನ್ನ ಕಲಿಯಾಕ ಹೊಂಟಾರಂತ ನೋಡ್ರಿ" ಎಂದು ನಕ್ಕು, ಚಹಾ ತರಿಸಿದರು. ಮಾವ ನರಗುಂದಕ್ಕೆ ಬಂದಿದ್ದಾರೆ ಎಂದು ಅಲ್ಲೇ ಊರಿನವರೊಬ್ಬರಿಂದ ತಿಳಿಯಿತು. ಅದೇ ಖುಷಿಯಲ್ಲಿ ನರಗುಂದದ ಬಸ್ಸು ಹತ್ತಿದೆ.

ಮನೆಯ ಒಳಗೆ ಹುರಿದ ಶೇಂಗಾದ ವಾಸನೆ. ಅಜ್ಜಿ ಒಳಕಲ್ಲಿನ ಮುಂದೆ ಕುಳಿತು ಚಟ್ನಿ ಕುಟ್ಟುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಒಣಗಿಸಿದ ಕಟಿ ರೊಟ್ಟಿಯ ಅಟ್ಟಿ. ನನ್ನನ್ನು ನೋಡಿ ಕೈ ಒರೆಸಿಕೊಂಡು ಹತ್ತಿರ ಕರೆದು ನನ್ನ ಗಲ್ಲ ಸವರಿದಳು.

"ದೊಡ್ಡ ಮನಸ್ಸು ಮಾಡಿದಿ ನನ ಕೂಸ. ನಿನ್ನ ಪಾಳಿ ಅವಂಗ ಬಿಟ್ಟುಕೊಟ್ಟಿಯಂತ, ನಿಮ್ಮ ಮಾವ ಹೇಳಿದ. ಹೋಗ್ಲಿ ಬಿಡು, ನಿನಗ ಮುಂದ ಬರತೈತಿ. ಅಲ್ಲಿ ರೊಟ್ಟಿ ಸಿಗೂದಿಲ್ಲಂತಲ್ಲೋ, ಇವು ಹಡಗಿನ್ಯಾಗ ಕೆಡೂದಿಲ್ಲಲ್ಲ?"

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಾನು ಅಜ್ಜಿಗೆ ಹೇಳಿದ ಮಾತು ಇಷ್ಟೇ: "ಕೆಡೂದಿಲ್ಲಬೇ."

ಮಾವ ಹೊಲದಿಂದ ಬಂದರು. ಬಾಗಿಲ ಕಲ್ಲಿನ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದವರು ನನ್ನನ್ನು ಕಂಡು ತಂಬಿಗೆ ಕೆಳಗಿಟ್ಟರು. ಒಳಗೆ ಕರೆಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಾನು ನಿಂತೇ ಇದ್ದೆ.

"ನಿನಗ ವಯಸ್ಸೈತಿ" ಎಂದರು. "ಇನ್ನೊಮ್ಮೆ ಬರತೈತಿ. ನನಗ ಇದ ಕಡೀದು. ಸಮಿತಿಯವರ ಮುಂದ ನಿಂತಾಗ ನಿನ್ನ ಹೆಸರ ಹೇಳಬೇಕಂತ ಬಾಯಿ ತಗದೆ. ನನ್ನ ಹೆಸರು ಬಂತು."

"ಅದು ತಾನ ಬಂತೇನ್ರಿ ಮಾವಾ?"

ಅವರು ಕಾಲಿಗೆ ಅಂಟಿದ್ದ ಮಣ್ಣನ್ನು ಕೈಯಿಂದ ಒರೆಸತೊಡಗಿದರು.

"ನನ್ನ ಕೇಳಬೇಕಿತ್ತು. ಕೇಳಿದ್ರ ನಾ ಕೊಡ್ತಿದ್ದೆ."

"ಗೊತ್ತೈತಿ. ಕೇಳಿದ್ರ ಕೊಡ್ತಿದ್ದಿ. ಆಮ್ಯಾಲ ಜಲಮಪೂರ್ತಿ ನಿನ್ನ ಮಾರಿ ಹ್ಯಾಂಗ ನೋಡ್ಲಿ ನಾನು?"

"ಈಗ ಹ್ಯಾಂಗ ನೋಡ್ತೀರಿ?"

ಮಾವ ಎದ್ದು ಒಳಗೆ ಹೋದರು. ಅಜ್ಜಿ ಇಬ್ಬರಿಗೂ ತಾಟು ಹಾಕಿದ್ದಳು. ಆಕೆಗಾಗಿ ನಾನು ಅವರ ಪಕ್ಕದಲ್ಲಿ ಕುಳಿತು ಉಂಡೆ.

ಕೇಳಿದ್ದರೆ ಖರೇ ಕೊಡುತ್ತಿದ್ದೆನೇ? ನಾನು ದೊಡ್ಡವನೋ ಸಣ್ಣವನೋ ಎಂದು ತಿಳಿದುಕೊಳ್ಳುವ ಅವಕಾಶವನ್ನೂ ಅವರು ತಮ್ಮ ಜೊತೆಗೇ ಹಡಗು ಹತ್ತಿಸಿದರು.

ಆದರೂ ಅಷ್ಟಕ್ಕೇ ಮುಗಿದಿದ್ದರೆ ಕಾಲ ಎಲ್ಲವನ್ನೂ ತೇಯುತ್ತಿತ್ತೇನೋ. ನಾನು ಕ್ಲಬ್ಬಿಗೆ ಮರಳಿದ ಮೊದಲ ದಿನ ಅಲ್ಲಿಯ ಕಾರ್ಯದರ್ಶಿ, ಮರಾಠಿ ಮಾತಿನ ವಯಸ್ಸಾದ ಸಜ್ಜನರು, ನನ್ನನ್ನು ಅಕ್ಕರೆಯಿಂದ ಕೂಡಿಸಿಕೊಂಡು ಕೇಳಿದರು, "ನಿಮ್ಮ ತಾಯಿಯವರಿಗೆ ಈಗ ಸಮಾಧಾನವಾಯಿತೇ?" ನಾನು ಏನೆಂದು ಅರ್ಥವಾಗದೆ ನೋಡಿದೆ. "ಒಬ್ಬನೇ ಮಗ, ಸಮುದ್ರ ದಾಟಿಸಲಾರೆ ಎಂದು ಅತ್ತರಂತಲ್ಲ. ನಿಮ್ಮ ಮಾವ ಹೇಳಿದರು. ಅಕ್ಕನ ಕಣ್ಣೀರು ನೋಡಲಾರದೆ ತಾನೇ ಹೋಗುತ್ತೇನೆ ಎಂದರು. ಆದರೆ ಶಾಲೆ ಆರಿಸಿದ ರೀತಿ ನೋಡಿ, ಎಂಥ ವಿಚಾರವಂತ ಮನುಷ್ಯ. ದೊಡ್ಡ ಹೆಸರು ಬೇಡ, ಹೊಸಬರಿಗೆ ಕಲಿಸಲು ಕೊಡುವ ಸಣ್ಣ ಶಾಲೆ ಬೇಕು, ಅದೂ ಮಂಜಿನ ಕಾಲದಲ್ಲಿ ಎಂದರು. ನಾವು ಹಾರುವುದನ್ನಲ್ಲ, ಕಲಿಸುವುದನ್ನು ಕಲಿಯಬೇಕು ಎಂದರು. ಸಮಿತಿ ಎರಡನೆಯ ಮಾತಾಡಲಿಲ್ಲ."

ಅಜ್ಜಿಗೆ ಒಂದು ಕಥೆ, ಸಮಿತಿಗೆ ಒಂದು ಕಥೆ. ನನ್ನ ಮಾತನ್ನು ತೆಗೆದುಕೊಂಡರು, ಹೋಗಲಿ. ನನಗಾಗಿ ತಂದೆಯ ಎದುರು ನಿಂತವಳು ನನ್ನ ತಾಯಿ. ನನ್ನನ್ನು ತಡೆದವಳು ಎಂದು ಆಕೆಯ ಹೆಸರನ್ನೇ ಹೇಳಿದರು. ಕಾರ್ಯದರ್ಶಿಯವರ ಮುಂದೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಮಾವನ ಮರ್ಯಾದೆ ಹೋಗುತ್ತಿತ್ತು, ಮಾವನ ಮರ್ಯಾದೆ ಎಂದರೆ ತಾಯಿಯ ತವರಿನದು. ತಲೆಯಾಡಿಸಿ ಎದ್ದು ಬಂದೆ.

ಊರಿಗೆ ಹೋದಾಗ ತಾಯಿಗೆ ಮಾತ್ರ ಹೇಳಿದೆ. ಅಲ್ಲಿಯವರೆಗೂ ಆಕೆ ತಮ್ಮನ ಕಡೆಗೇ ವಾಲಿದ್ದಳು; ಹೋಗಲಿ, ಅವನಿಗೂ ಆಸೆ ಇರತೈತಿ ಎನ್ನುತ್ತಿದ್ದಳು. ಈಗ ಕೈಯಲ್ಲಿದ್ದ ಸೌಟು ಹಿಡಿದೇ ಕುಳಿತಳು. "ನಾ ಅತ್ನೆಂತ?" ಎಂದಳು. ಮತ್ತೊಮ್ಮೆ, ಬಹಳ ಸಣ್ಣ ದನಿಯಲ್ಲಿ, "ನಾ ಬ್ಯಾಡ ಅಂದ್ನೆಂತ?" ಅಜ್ಜಿ ಇರುವ ತನಕ ನರಗುಂದಕ್ಕೆ ಹೋಗಿ ಬರುತ್ತಿದ್ದಳು, ಆದರೆ ತಮ್ಮ ಊರಲ್ಲಿದ್ದಾನೆ ಎಂದು ತಿಳಿದರೆ ಹೋಗುತ್ತಿರಲಿಲ್ಲ.

ಇನ್ನೊಮ್ಮೆ ಬರತೈತಿ ಎಂದು ಮಾವ ಹೇಳಿದ್ದ ಆ ಅವಕಾಶ ನನಗೆ ಬರಲೇ ಇಲ್ಲ. ಮಾವ ಇಂಗ್ಲೆಂಡಿನಿಂದ ಬರುವ ಹೊತ್ತಿಗೆ ದೇಶದಲ್ಲಿ ಪರದೇಶದ ಹಣಕ್ಕೆ ಕೊರತೆ ಬಿದ್ದು, ಸರ್ಕಾರ ಹೊರಗೆ ಹೋಗಿ ಕಲಿಯುವುದನ್ನು ಬಿಗಿ ಮಾಡಿತ್ತು. ಸಮಿತಿ ಮತ್ತೆ ಯಾರನ್ನೂ ಕಳಿಸಲಿಲ್ಲ. ನನಗೆ ಉಳಿದ ದಾರಿ ಒಂದೇ: ಇಲ್ಲೇ, ತರಬೇತಿ ಪಡೆದ ಶಿಕ್ಷಕರ ಕೈಕೆಳಗೆ ಕಲಿತು ಪರೀಕ್ಷೆ ಕೊಡುವುದು. ಕ್ಲಬ್ಬಿನಲ್ಲಿ ಅಂಥ ತರಬೇತಿ ಪಡೆದವರು ಮಾವ ಒಬ್ಬರೇ.

ಬಿಟ್ಟು ಊರಿಗೆ ಹೋಗಬೇಕೆಂದು ಗಂಟು ಕಟ್ಟಿದೆ, ಬಿಚ್ಚಿದೆ. ಕೊನೆಗೆ ಅವರೇ ನನ್ನ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ನಾಳೆ ಮುಂಜಾನೆ ಮೈದಾನಕ್ಕ ಬಾ. ಕಲ್ತದ್ದೆಲ್ಲಾ ಹೇಳಿಕೊಡ್ತೀನಿ" ಎಂದರು. ಹೋದೆ. ಈಗ ಮುಂದಿನ ಸೀಟು ನನ್ನದು, ಹಿಂದಿನದು ಅವರದು. ಅವರು ಏನೂ ಬಾರದ ವಿದ್ಯಾರ್ಥಿಯಂತೆ ನಟಿಸಬೇಕು, ನಾನು ತಿದ್ದಬೇಕು. ಎಂಥೆಂಥ ತಪ್ಪು ಮಾಡಿ ತೋರಿಸಿದರು. ಹೆದರಿ ವಿಮಾನ ನಡೆಸುವ ಕೋಲನ್ನು ಅವುಚಿ ಹಿಡಿಯುವವನು, ಕೇಳಿದ್ದಕ್ಕೆಲ್ಲ ಹೂಂ ಎಂದು ಏನನ್ನೂ ಮಾಡದವನು, ತನಗೆಲ್ಲ ಗೊತ್ತು ಎನ್ನುವವನು, ಎಲ್ಲರೂ ಅವರ ಒಳಗಿದ್ದರು. ಮಾಡುತ್ತಿರುವ ಕೆಲಸ ಮತ್ತು ಆಡುತ್ತಿರುವ ಮಾತು ಒಂದೇ ಗಳಿಗೆಯಲ್ಲಿ ಕೂಡಬೇಕು ಎಂದು ಒಂದು ತಿರುವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿಸಿದರು. ಒಂದಿಷ್ಟನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ಯಾರೂ ಕಲಿಸಲಾರರು.

ದಿನಾ ಅದೇ ರಬ್ಬರಿನ ಕೊಳವೆ ನಮ್ಮಿಬ್ಬರ ಬಾಯಿ ಕಿವಿಗಳ ನಡುವೆ ಇತ್ತು. ಮೇಲೆ ಬೇರೆ ಯಾರೂ ಕೇಳುವವರಿರಲಿಲ್ಲ. ತಪ್ಪಾತು ಎನ್ನುವ ಒಂದು ಮಾತನ್ನು ಅವರು ಅಲ್ಲಾದರೂ ಆಡಬಹುದು ಎಂದು ನಾನು ಕಾಯುತ್ತಿದ್ದೆ. ಆಡಲಿಲ್ಲ. ಒಂದು ದಿನ ಇಳಿದು ಬಂದು ಟೊಪ್ಪಿಗೆ ತೆಗೆಯುತ್ತ, ನಾನು ಕೇಳದಿದ್ದರೂ ಹೇಳಿದರು, "ನೀ ಆರಿಸಿದ ಸಾಲಿ ಚಲೋ ಇತ್ತು. ಮಂಜಿನ ಮಾತೂ ಖರೇ ಆತು. ಒಮ್ಮಿ ಭಾಳ ಅಂಜಿದೆ." ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ನಾನು ಟೊಪ್ಪಿಗೆ ಗೂಟಕ್ಕೆ ಹಾಕಿ ಹೊರಗೆ ಬಂದೆ. ಆ ಮಂಜು ನನ್ನದಾಗಬೇಕಿತ್ತು.

ಪರೀಕ್ಷೆ ಪಾಸಾಯಿತು. ಬೇರೊಂದು ಊರಿನ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿ ಹೋದೆ. ಆಮೇಲೆ ನಮ್ಮ ಭೇಟಿ ಮದುವೆ ಮುಂಜಿಗಳಲ್ಲಿ, ನಾಲ್ಕು ಜನರ ನಡುವೆ ಮಾತ್ರ.

ವರ್ಷಗಳು ಕಳೆದ ಮೇಲೆ ಮಾವನಿಗೆ ಪುಪ್ಪುಸದ ಬೇನೆ ಬಂತು. ನರಗುಂದದಲ್ಲಿ ಆಗ ಅಜ್ಜಿ ಇರಲಿಲ್ಲ. ಸುದ್ದಿ ಕೇಳಿದ ತಾಯಿ ಯಾರನ್ನೂ ಕೇಳದೆ ಹೋಗಿ, ತಮ್ಮನನ್ನು ಗಜೇಂದ್ರಗಡಕ್ಕೆ ಕರೆತಂದು ನಮ್ಮ ಪಡಸಾಲೆಯಲ್ಲಿ ಮಲಗಿಸಿದಳು. ನಾನು ರಜೆ ಹಾಕಿ ಬಂದೆ. ಕಣ್ಣಿನ ಸುತ್ತಲಿನ ಬಿಳಿ ಈಗ ಮುಖವೆಲ್ಲ ಹರಡಿತ್ತು. ನನ್ನ ವಿದ್ಯಾರ್ಥಿಗಳ ಬಗ್ಗೆ ಕೇಳಿದರು, ಹೇಳಿದೆ. ಯಾರು ಕೋಲನ್ನು ಅವುಚಿ ಹಿಡಿಯುತ್ತಾರೆ ಎಂದು ಕೇಳಿ ನಕ್ಕರು. ನಾನೂ ನಕ್ಕೆ.

ಒಂದು ಮಧ್ಯಾಹ್ನ ತಾಯಿ ಗಂಜಿಯ ಬಟ್ಟಲು ಹಿಡಿದು ಬಂದು, ಅವರ ಪಕ್ಕ ಕುಳಿತು, ನನ್ನ ಎದುರಿಗೇ ಕೇಳಿದಳು, "ತಮ್ಮಾ, ನಾ ಅತ್ತೆ ಅಂತ ಯಾಕ ಹೇಳಿದಿ?"

ಮಾವ ಮೇಲಿನ ತೊಲೆ ನೋಡುತ್ತಿದ್ದರು. "ನಿನ್ನ ಹೆಸರ ಹೇಳಿದ್ರ ಯಾರೂ ಮತ್ತ ಕೇಳೂದಿಲ್ಲಂತ ಗೊತ್ತಿತ್ತಕ್ಕಾ" ಎಂದರು.

ನಾವಿಬ್ಬರೂ ಇನ್ನೊಂದು ಮಾತಿಗೆ ಕಾದೆವು. ಅವರು ಬಾಯಿ ತೆರೆದದ್ದು ಗಂಜಿಗೆ. ತಾಯಿ ಬಟ್ಟಲು ಬರಿದಾಗುವವರೆಗೂ ಕುಡಿಸಿ, ಬಾಯಿ ಒರೆಸಿ, ಒಳಗೆ ಹೋದಳು. ಅದಾದ ಮೂರನೆಯ ದಿನ ಅವರು ಹೋದರು.

ಮಣ್ಣು ಮುಗಿಸಿ ಬಂದು ಎಲ್ಲರೂ ಕಟ್ಟೆಯ ಮೇಲೆ ಕುಳಿತಿದ್ದಾಗ ನರಗುಂದದಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ವಿಲಾಯಿತಿಗೆ ಹೋಗಿ ಕಲ್ತು ಬಂದ ಮನಷ್ಯಾ. ಕಲ್ತದ್ದನ್ನ ನಿಮಗ ಕೊಟ್ಟು ಹೋದ. ನಿಮ್ಮ ಇವತ್ತಿನ ಅನ್ನ ಅವರದ್ರಿ, ಹೌದಲ್ಲ?"

ಆ ಮಾತಿನಲ್ಲಿ ತೆಗೆದುಹಾಕಲು ಒಂದಕ್ಷರವೂ ಇರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ" ಎಂದೆ. "ಅವರೇ ಕಲಿಸಿದ್ರು."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಬಂದವರಿಗೆ ಚಹಾ ಇಡಲು ಒಳಗೆ ಹೋದಳು.